ಮೂರನೆಯ ಕಾಲು: ಮಾನೋಪಾಡ್ ಕ್ಯಾಮೆರಾವನ್ನು ನಿಲ್ಲಿಸುವ ಬಗೆ

ಗದಗ ಮತ್ತು ಲಕ್ಷ್ಮೇಶ್ವರದ ನಡುವಿನ ಹೊಲಗಳಲ್ಲಿ ಹಾದು ಬರುವವರಿಗೆ, ಹಿಂಡಿನ ಪಕ್ಕದಲ್ಲಿ ಕುರಿಗಾಹಿಯೊಬ್ಬ ಕೋಲನ್ನು ಒಂದಡಿ ಮುಂದಕ್ಕೆ ಊರಿ, ಅದರ ತುದಿಯ ಮೇಲೆ ಎರಡೂ ಅಂಗೈ ಇಟ್ಟು, ಅಂಗೈಗಳ ಮೇಲೆ ಗದ್ದ ಇಟ್ಟುಕೊಂಡು ಬಹಳ ಹೊತ್ತು ಅಲುಗದೆ ನಿಂತಿರುವ ನೋಟ ಹೊಸದೇನಲ್ಲ. ಕೈಬಿಟ್ಟರೆ ಆ ಕೋಲು ತಾನಾಗಿ ನಿಲ್ಲುವುದಿಲ್ಲ, ಕೋಲಿಲ್ಲದಿದ್ದರೆ ಅವನೂ ಅಷ್ಟು ಹೊತ್ತು ಹಾಗೆ ನಿಲ್ಲಲಾರ. ಛಾಯಾಗ್ರಾಹಕರು ಕ್ಯಾಮೆರಾದ ಕೆಳಗೆ ಸಿಕ್ಕಿಸಿಕೊಳ್ಳುವ ಮಾನೋಪಾಡ್ ಎಂಬ ಒಂಟಿಗಾಲಿನ ಕೋಲು ಕೆಲಸ ಮಾಡುವುದು ಇದೇ ರೀತಿಯಲ್ಲಿ: ಮೂರು ಕಾಲುಗಳಲ್ಲಿ ಒಂದನ್ನು ಅದು ಕೊಡುತ್ತದೆ, ಉಳಿದೆರಡನ್ನು ಬಳಸುವವನೇ ಒದಗಿಸಬೇಕು. ಅದನ್ನು ಅಗ್ಗದ ಟ್ರೈಪಾಡ್ ಎಂದು ಭಾವಿಸಿ ಕೊಂಡವರು ಬೇಗನೆ ನಿರಾಶರಾಗುತ್ತಾರೆ, ಏಕೆಂದರೆ ಟ್ರೈಪಾಡ್ ಅಲುಗಾಟವನ್ನು ನಿಲ್ಲಿಸುತ್ತದೆ, ಮಾನೋಪಾಡ್ ಅಲುಗಾಟವನ್ನು ನಿಧಾನಗೊಳಿಸುತ್ತದೆ. ಈ ಒಂದು ವ್ಯತ್ಯಾಸ ಅರ್ಥವಾದರೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಹೇಗೆ ನಿಲ್ಲಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಮೊದಲು ಅಲುಗಾಟದ ಲೆಕ್ಕವನ್ನು ನೋಡೋಣ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರಿನಲ್ಲಿ, ಅಂದರೆ 35 ಮಿ.ಮೀ. ಫಿಲ್ಮಿಗಿಂತ ಚಿಕ್ಕದಾದ ಬೆಳಕು ಹಿಡಿಯುವ ಫಲಕದಲ್ಲಿ, ಒಂದೊಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲವಿರುತ್ತದೆ. ಅಂಥ ಕ್ಯಾಮೆರಾಕ್ಕೆ 400 ಮಿ.ಮೀ. ಲೆನ್ಸ್ ಜೋಡಿಸಿ 100 ಮೀಟರ್ ಆಚೆಯ ಹಕ್ಕಿಯನ್ನು ನೋಡಿದರೆ, ಹಕ್ಕಿಯ ಮೈಮೇಲಿನ 1 ಮಿ.ಮೀ. ಜಾಗಕ್ಕೆ ಒಂದು ಪಿಕ್ಸೆಲ್ ಸಿಗುತ್ತದೆ. ಈಗ ಇಡೀ ಕ್ಯಾಮೆರಾ ನೇರವಾಗಿ ಪಕ್ಕಕ್ಕೆ 1 ಮಿ.ಮೀ. ಸರಿದರೆ ಚಿತ್ರವೂ ಒಂದೇ ಪಿಕ್ಸೆಲಿನಷ್ಟು ಸರಿಯುತ್ತದೆ, ಅದು ಯಾರ ಕಣ್ಣಿಗೂ ಬೀಳದು. ಆದರೆ ಕ್ಯಾಮೆರಾ ಹಿಡಿದ ಕೈ ಇದ್ದಲ್ಲೇ ಇದ್ದು, ಅಲ್ಲಿಂದ 30 ಸೆಂ.ಮೀ. ಮುಂದಿರುವ ಲೆನ್ಸಿನ ಬಾಯಿ ಒಂದು ತಲೆಗೂದಲಿನ ದಪ್ಪದಷ್ಟು, ಅಂದರೆ ಸುಮಾರು 70 ಮೈಕ್ರಾನ್‌ನಷ್ಟು ಬಾಗಿದರೂ ಸಾಕು, 100 ಮೀಟರ್ ದೂರದಲ್ಲಿ ಗುರಿ ಎರಡು ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ, ಚಿತ್ರ 20ಕ್ಕೂ ಹೆಚ್ಚು ಪಿಕ್ಸೆಲ್ ಎಳೆದುಕೊಂಡು ಹೋಗುತ್ತದೆ. ದೂರದ ವಸ್ತುವಿನ ಚಿತ್ರವನ್ನು ಕೆಡಿಸುವುದು ಕ್ಯಾಮೆರಾ ಸರಿಯುವುದಲ್ಲ, ತಿರುಗುವುದು ಮತ್ತು ಬಾಗುವುದು. ಹೂವಿನ ಮೇಲಿನ ಇರುವೆಯ ಚಿತ್ರ ತೆಗೆಯುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅಷ್ಟು ಹತ್ತಿರದಲ್ಲಿ ಒಂದೆರಡು ಮಿ.ಮೀ. ಮುಂದೆ ಹಿಂದೆ ಸರಿದರೂ ಫೋಕಸ್ ತಪ್ಪುತ್ತದೆ, ಆದ್ದರಿಂದ ಆ ಕೆಲಸಕ್ಕೆ ಮಾನೋಪಾಡ್ ಅರ್ಧ ಪರಿಹಾರ ಮಾತ್ರ.

ಮನುಷ್ಯನ ಮೈಯಲ್ಲಿ ಎರಡು ಬಗೆಯ ಚಲನೆಗಳಿವೆ. ಒಂದು, ಚಾಚಿದ ಕೈಯಲ್ಲಿ ಸದಾ ಇರುವ ಸಣ್ಣ ನಡುಕ. ಇದು ಸೆಕೆಂಡಿಗೆ 8ರಿಂದ 12 ಸಲ ಆಗುತ್ತದೆ, ಭಾರ ಹೊತ್ತಷ್ಟೂ ತೋಳು ದಣಿದಷ್ಟೂ ಹೆಚ್ಚಾಗುತ್ತದೆ. ಇನ್ನೊಂದು, ನಿಂತ ದೇಹದ ತೂಗಾಟ. ನಾವು ಕಂಬದಂತೆ ನಿಂತಿದ್ದೇವೆ ಎಂದುಕೊಂಡಾಗಲೂ ದೇಹ ಪಾದದ ಕೀಲಿನ ಮೇಲೆ ಮುಂದೆ ಹಿಂದೆ ನಿಧಾನವಾಗಿ ವಾಲುತ್ತಲೇ ಇರುತ್ತದೆ, ಅದರ ಲಯ ಸೆಕೆಂಡಿಗೆ ಒಂದು ಸಲಕ್ಕಿಂತಲೂ ಕಡಿಮೆ. ಕ್ಯಾಮೆರಾದ ಭಾರವನ್ನು ಕೋಲಿಗೆ ದಾಟಿಸಿದ ಕೂಡಲೇ ತೋಳಿನ ಸ್ನಾಯುಗಳಿಗೆ ಎತ್ತಿ ಹಿಡಿಯುವ ಕೆಲಸ ತಪ್ಪುತ್ತದೆ, ಮೊದಲ ಬಗೆಯ ನಡುಕ ಬಹುಪಾಲು ಅಡಗುತ್ತದೆ. ಎರಡನೆಯದು ಉಳಿಯುತ್ತದೆ.

ಉಳಿದರೂ ಅದರಿಂದ ಆಗುವ ಹಾನಿ ಕಡಿಮೆ ಏಕೆಂದರೆ ಬೆಳಕನ್ನು ಒಳಬಿಡುವ ಶಟರ್ ತೆರೆದಿರುವುದು ಒಂದು ಕ್ಷಣ ಮಾತ್ರ. 1/60 ಸೆಕೆಂಡಿನ ಶಟರನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ ಹತ್ತು ಸಲ ನಡುಗುವ ಕೈ ಆ ಅವಧಿಯಲ್ಲಿ ತನ್ನ ಒಂದು ಸುತ್ತಿನ ಆರನೇ ಒಂದು ಭಾಗವನ್ನು ಮುಗಿಸಿರುತ್ತದೆ. ಎರಡು ಸೆಕೆಂಡಿಗೊಮ್ಮೆ ತೂಗುವ ದೇಹವಾದರೋ ತನ್ನ ಸುತ್ತಿನ 120ನೇ ಒಂದು ಭಾಗವನ್ನಷ್ಟೇ ಮುಗಿಸಿರುತ್ತದೆ. ಅದೇ ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೆ ದೇಹಕ್ಕೂ ಕಾಲು ಸುತ್ತು ತೂಗಲು ಸಮಯ ಸಿಗುತ್ತದೆ, ಆಗ ಚಿತ್ರ ಉಳಿಯುವುದಿಲ್ಲ. ರಾತ್ರಿಯ ನಕ್ಷತ್ರಗಳಿಗೂ ಹರಿವ ನೀರನ್ನು ಹಾಲಿನಂತೆ ತೋರಿಸುವ ಚಿತ್ರಕ್ಕೂ ಮಾನೋಪಾಡ್ ಒದಗದಿರುವುದಕ್ಕೆ ಇದೇ ಕಾರಣ. ಈ ತೂಗಾಟದಲ್ಲಿ ಇನ್ನೊಂದು ಗುಟ್ಟೂ ಇದೆ. ನಾಗರ ಪಂಚಮಿಯ ಜೋಕಾಲಿ ಒಂದು ಕಡೆಯ ತುದಿ ಮುಟ್ಟಿ ಹಿಂದಿರುಗುವ ಮುನ್ನ ಗಾಳಿಯಲ್ಲಿ ಅರೆಕ್ಷಣ ನಿಂತಂತೆ ಕಾಣುತ್ತದಲ್ಲವೇ, ನಮ್ಮ ದೇಹವೂ ವಾಲಿನ ತುದಿಯಲ್ಲಿ ಹಾಗೆಯೇ ನಿಲ್ಲುತ್ತದೆ. ವ್ಯೂಫೈಂಡರಿನಲ್ಲಿ ಫೋಕಸ್ ಚುಕ್ಕಿ ವಸ್ತುವಿನ ಮೇಲೆ ಹೇಗೆ ತೇಲುತ್ತಿದೆ ಎಂಬುದನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಆ ತುದಿ ಅನುಭವಕ್ಕೆ ಬರುತ್ತದೆ, ಶಟರ್ ಒತ್ತಬೇಕಾದದ್ದು ಆಗ.

ಕೈಯಲ್ಲಿ ಹಿಡಿದು ಚಿತ್ರ ತೆಗೆಯುವಾಗ ಶಟರ್ ವೇಗದ ಛೇದ ಲೆನ್ಸಿನ ಸಂಗಮದೂರಕ್ಕೆ, ಅಂದರೆ ಅದರ ಮಿ.ಮೀ. ಸಂಖ್ಯೆಗೆ, ಸಮನಾಗಿರಬೇಕೆಂಬ ಹಳೆಯ ನಿಯಮ ಎಲ್ಲರಿಗೂ ಗೊತ್ತು. 400 ಮಿ.ಮೀ. ಲೆನ್ಸಿಗೆ 1/400 ಸೆಕೆಂಡ್. ಎಪಿಎಸ್-ಸಿ ಕ್ಯಾಮೆರಾವಾದರೆ ಒಂದೂವರೆಯಿಂದ ಗುಣಿಸಿ 1/600. ಬೆಳಕು ಇಮ್ಮಡಿಯಾಗುವ ಒಂದೊಂದು ಮೆಟ್ಟಿಲನ್ನು ಸ್ಟಾಪ್ ಎನ್ನುತ್ತಾರೆ. ಮಾನೋಪಾಡ್ ಎರಡು ಸ್ಟಾಪ್, ಚೆನ್ನಾಗಿ ಪಳಗಿದ ಕೈಗೆ ಮೂರು ಸ್ಟಾಪ್ ಉಳಿಸಿಕೊಡುತ್ತದೆ ಎಂಬುದು ಬಳಸುವವರಲ್ಲಿ ಸಾಮಾನ್ಯವಾದ ಅಂದಾಜು. ಎರಡು ಸ್ಟಾಪ್ ಎಂದರೆ 1/600 ಬದಲು 1/150 ಸಾಕು, ಅಥವಾ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಎಷ್ಟೆಂದು ಹೇಳುವ ಐಎಸ್‌ಒ 3200ರ ಬದಲು 800 ಸಾಕು.

ಕೋಲು ಎಲ್ಲ ದಿಕ್ಕಿನ ಚಲನೆಯನ್ನೂ ಒಂದೇ ಸಮನೆ ತಡೆಯುವುದಿಲ್ಲ. ಕ್ಯಾಮೆರಾ ಮೇಲೆ ಕೆಳಗೆ ಸರಿಯುವುದನ್ನು ಅದು ಪೂರ್ತಿಯಾಗಿ ತಡೆಯುತ್ತದೆ. ಎಡಕ್ಕೋ ಬಲಕ್ಕೋ ವಾಲಿದರೆ ಚೌಕಟ್ಟು ತುಸು ಓರೆಯಾಗುತ್ತದೆಯೇ ಹೊರತು ಮಧ್ಯದ ವಸ್ತು ಅಷ್ಟಾಗಿ ಮಸುಕಾಗುವುದಿಲ್ಲ. ಮುಂದಕ್ಕೆ ಹಿಂದಕ್ಕೆ ವಾಲುವುದು ಮಾತ್ರ ಅಪಾಯಕರ, ಏಕೆಂದರೆ ಆಗ ಉದ್ದ ಲೆನ್ಸಿನ ಮೂತಿ ಏಳುತ್ತದೆ ಅಥವಾ ಬೀಳುತ್ತದೆ; ಮೇಲಿನ ಕೂದಲೆಳೆಯ ಲೆಕ್ಕ ಇಲ್ಲಿಗೆ ಅನ್ವಯಿಸುತ್ತದೆ. ಕೋಲು ತನ್ನ ಅಚ್ಚಿನ ಮೇಲೆ ಗಿರಗಟ್ಟಲೆಯಂತೆ ತಿರುಗುವುದನ್ನು ತಡೆಯುವುದಕ್ಕೆ ನೆಲ ಹಿಡಿದ ರಬ್ಬರ್ ಪಾದದ ಘರ್ಷಣೆ ಬಿಟ್ಟರೆ ಬೇರೆ ಆಸರೆಯಿಲ್ಲ. ಒಳ್ಳೆಯ ನಿಲುವು ಎಂದರೆ ಈ ಕೊನೆಯ ಎರಡು ಚಲನೆಗಳಿಗೆ ನಮ್ಮ ಮೈಯನ್ನು ಅಡ್ಡ ನಿಲ್ಲಿಸುವುದು.

ಹೊಸಬರು ಮಾಡುವ ತಪ್ಪು ಒಂದೇ: ಕೋಲನ್ನು ಕಾಲಬೆರಳುಗಳ ನಡುವೆ ನೆಟ್ಟಗೆ ನಿಲ್ಲಿಸಿ ಅದರ ಹಿಂದೆ ತಾವೂ ನೆಟ್ಟಗೆ ನಿಲ್ಲುವುದು. ಆಗ ಮೂರು ಕಾಲುಗಳೂ ಒಂದೇ ಗೆರೆಯಲ್ಲಿ ಬಂದು, ಯಾವ ಕಡೆಗೆ ಬೇಕಾದರೂ ಬೀಳಬಲ್ಲ ಸ್ಥಿತಿ ಉಂಟಾಗುತ್ತದೆ. ಕಾಲುಗಳನ್ನು ಭುಜದಗಲಕ್ಕೆ ಅಗಲಿಸಿ, ಒಂದು ಪಾದವನ್ನು ತುಸು ಹಿಂದಕ್ಕಿಟ್ಟು, ಕೋಲಿನ ತುದಿಯನ್ನು ದೇಹದಿಂದ ಒಂದು ಒಂದೂವರೆ ಅಡಿ ಮುಂದೆ ಊರಿ, ಕೋಲಿನ ತಲೆಯನ್ನು ತನ್ನ ಕಡೆಗೆ ವಾಲಿಸಿಕೊಳ್ಳಬೇಕು. ಈಗ ಎರಡು ಪಾದ ಮತ್ತು ಕೋಲಿನ ತುದಿಯನ್ನು ಗೆರೆಯಿಂದ ಸೇರಿಸಿದರೆ ನೆಲದ ಮೇಲೆ ತ್ರಿಕೋನ ಕಾಣಬೇಕು. ಹೀಗೆ ವಾಲಿಸಿದ ಕೋಲು ಕ್ಯಾಮೆರಾವನ್ನು ಹುಬ್ಬಿನ ಕಡೆಗೆ ತಾನಾಗಿಯೇ ತಳ್ಳುತ್ತದೆ. ಹಣೆ ಅದಕ್ಕೆ ಎದುರಾಗಿ ಒತ್ತಿಕೊಂಡರೆ ಮುಂದೆ ಹಿಂದಿನ ವಾಲಾಟಕ್ಕೆ ತಡೆ ಬಿದ್ದಂತಾಯಿತು. ಕ್ಯಾಮೆರಾವನ್ನು ಮುಖದಿಂದ ದೂರ ಹಿಡಿದು ಹಿಂಬದಿಯ ಪರದೆ ನೋಡಿ ಚಿತ್ರ ತೆಗೆಯುವವರು ಈ ಪುಕ್ಕಟೆ ಆಸರೆಯನ್ನು ಕಳೆದುಕೊಳ್ಳುತ್ತಾರೆ.

ಕೋಲಿನ ಉದ್ದವನ್ನು ಹೊಂದಿಸುವಾಗ ಕ್ಯಾಮೆರಾ ಕಣ್ಣಿನ ಬಳಿಗೆ ಬರಬೇಕು, ಕಣ್ಣು ಕ್ಯಾಮೆರಾದ ಬಳಿಗೆ ಹೋಗಬಾರದು. ಕುತ್ತಿಗೆ ಬಗ್ಗಿಸಿ ಹತ್ತು ನಿಮಿಷ ನಿಂತವರ ಮೈ ನಡುಗತೊಡಗುತ್ತದೆ. ಓರೆಯಾಗಿ ಊರುವುದರಿಂದ ನೆಟ್ಟಗಿನ ಅಳತೆಗಿಂತ ತುಸು ಉದ್ದವೇ ಬೇಕಾಗುತ್ತದೆ, ಮರದ ಮೇಲಿನ ಹಕ್ಕಿಗೋ ಗುಡಿಯ ಶಿಖರಕ್ಕೋ ಲೆನ್ಸನ್ನು ಎತ್ತುವಾಗ ಇನ್ನೂ ನಾಲ್ಕು ಬೆರಳು ಹೆಚ್ಚು. ಎಡಗೈಯನ್ನು ಎಲ್ಲಿಡಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಕೆಲವರು ಕೋಲಿನ ಕುತ್ತಿಗೆಯನ್ನು ಹಿಡಿದು ಕೆಳಕ್ಕೆ ಒತ್ತುತ್ತಾರೆ, ಕೆಲವರು ಲೆನ್ಸಿನ ಬೆನ್ನ ಮೇಲೆ ಅಂಗೈ ಇಡುತ್ತಾರೆ. 300 ಮಿ.ಮೀ.ಗಿಂತ ಉದ್ದದ ಲೆನ್ಸಿಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೂತಿ ಏಳುವುದನ್ನೂ ಕೋಲು ತಿರುಗುವುದನ್ನೂ ಆ ಒಂದು ಅಂಗೈ ತಡೆಯುತ್ತದೆ. ಹಿಂಡಿ ಹಿಡಿಯಬಾರದು, ಗಟ್ಟಿ ಮುಷ್ಟಿಯೇ ನಡುಕದ ತವರು. ಮೊಣಕೈಗಳು ಪಕ್ಕೆಗೆ ಅಂಟಿರಲಿ. ಉಸಿರನ್ನು ಅರ್ಧ ಬಿಟ್ಟು, ನಿಲ್ಲಿಸಿ, ಬೆರಳನ್ನು ಗುಂಡಿಯಿಂದ ಎತ್ತದೆ ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆದರೆ, ಬೆರಳು ಒತ್ತುವಾಗಿನ ಕುಲುಕು ಮೊದಲನೆಯದರಲ್ಲಿಯೂ ಬಿಡುವಾಗಿನದು ಕೊನೆಯದರಲ್ಲಿಯೂ ಸೇರಿಹೋಗಿ ನಡುವಿನ ಚಿತ್ರ ಶುಚಿಯಾಗಿ ಉಳಿಯುತ್ತದೆ.

ಉದ್ದ ಲೆನ್ಸುಗಳಿಗೆ ಕೆಳಗೆ ಪಾದವಿರುವ ಒಂದು ಕೊರಳಪಟ್ಟಿ ಇರುತ್ತದೆ, ಕೋಲನ್ನು ಜೋಡಿಸಬೇಕಾದದ್ದು ಅದಕ್ಕೇ ಹೊರತು ಕ್ಯಾಮೆರಾದ ತಳಕ್ಕಲ್ಲ. ಭಾರದ ಮಧ್ಯಬಿಂದು ಕೋಲಿನ ಮೇಲೆ ಬಂದರೆ ತಕ್ಕಡಿ ಸಮನಾಗಿ ನಿಂತಂತೆ, ಕೈಗೆ ಕೆಲಸವೇ ಇರುವುದಿಲ್ಲ. ಪಟ್ಟಿಯನ್ನು ಸಡಿಲಿಸಿ ತಿರುಗಿಸಿದರೆ ಅಡ್ಡ ಚಿತ್ರ ಉದ್ದ ಚಿತ್ರವಾಗುತ್ತದೆ. ತಲೆಭಾಗಕ್ಕೆ ಬಾಲ್ ಹೆಡ್ ಹಾಕಿಕೊಳ್ಳುವವರಿದ್ದಾರೆ. ಎಲ್ಲ ಕಡೆಗೂ ಹೊರಳುವ ಸ್ವಾತಂತ್ರ್ಯ ಈಗಾಗಲೇ ಬೇಕಾದಷ್ಟಿರುವ ಕೋಲಿಗೆ ಇನ್ನಷ್ಟು ಹೊರಳುವ ಕೀಲನ್ನು ಸೇರಿಸುವುದು ನನಗೆ ಅರ್ಥವಾಗದ ವಿಷಯ. ಮುಂದೆ ಹಿಂದೆ ಮಾತ್ರ ಬಾಗುವ ಸರಳ ಟಿಲ್ಟ್ ಹೆಡ್ ಸಾಕು. ಲೆನ್ಸಿನಲ್ಲಿ ಅಥವಾ ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಮಾನೋಪಾಡಿನ ಮೇಲೆ ಅದನ್ನು ಸಾಮಾನ್ಯವಾಗಿ ಚಾಲೂ ಇಡಬೇಕು. ಟ್ರೈಪಾಡಿನ ಮೇಲೆ ಅದನ್ನು ನಿಲ್ಲಿಸಬೇಕೆಂಬ ಸಲಹೆಯನ್ನು ಇಲ್ಲಿಗೂ ಎಳೆದು ತರುವುದು ತಪ್ಪು, ಏಕೆಂದರೆ ಇಲ್ಲಿ ತಡೆಯುವುದಕ್ಕೆ ಅಲುಗಾಟ ಇನ್ನೂ ಉಳಿದಿದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಹುಬ್ಬಳ್ಳಿ, ಧಾರವಾಡ, ಗದಗಿನ ಹವ್ಯಾಸಿಗಳು ವರ್ಷವೂ ಹೋಗುತ್ತಾರೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಕೆರೆಯ ಹೆಸರು ಇನ್ನೂ ದೂರಕ್ಕೆ ಹೋಗಿದೆ. ಅಲ್ಲಿ ಮಾನೋಪಾಡ್ ಮಾಡುವ ಉಪಕಾರ ಎರಡು ಬಗೆಯದು, ಎರಡನ್ನೂ ಕಲಸಬಾರದು. ನೀರಿನ ಮೇಲೆ ತೇಲುತ್ತಾ ವಿಶ್ರಮಿಸುವ ಬಾತಿಗೆ, ಮುಂಜಾವಿನ ಮಂದ ಬೆಳಕಿನಲ್ಲಿ, 1/150 ಸೆಕೆಂಡಿನಲ್ಲಿಯೂ ಸ್ಪಷ್ಟ ಚಿತ್ರ ಸಿಗುತ್ತದೆ. ಇದು ಅಲುಗಾಟಕ್ಕೆ ಸಂಬಂಧಿಸಿದ್ದು. ಗುಂಪು ಒಮ್ಮೆಗೇ ಎದ್ದು ಹಾರಿದಾಗಲಾದರೋ ರೆಕ್ಕೆ ನಿಲ್ಲಬೇಕೆಂದರೆ 1/1600 ಅಥವಾ ಅದಕ್ಕೂ ವೇಗದ ಶಟರ್ ಬೇಕು, ಹಕ್ಕಿಯ ಚಲನೆಯನ್ನು ಯಾವ ಕೋಲೂ ನಿಲ್ಲಿಸಲಾರದು. ಆ ವೇಗದಲ್ಲಿ ಕೈ ನಡುಕದ ಪ್ರಶ್ನೆಯೇ ಏಳುವುದಿಲ್ಲ. ಹಾಗಿದ್ದರೂ ಕೋಲು ಬೇಕೆನಿಸುವುದು, ಸುಮಾರು 2 ಕಿಲೋ ತೂಗುವ 150-600 ಮಿ.ಮೀ. ಲೆನ್ಸನ್ನು ಕ್ಯಾಮೆರಾದ ಸಮೇತ ಕಣ್ಣಿಗೆ ಹಿಡಿದು ಅವು ಏಳುವುದನ್ನೇ ಕಾಯುತ್ತಾ ಇಪ್ಪತ್ತು ನಿಮಿಷ ನಿಲ್ಲಬೇಕಾದಾಗ. ಕೈಯಲ್ಲಿ ಹಿಡಿದವರು ದಣಿದು ಕೆಳಗಿಳಿಸಿದ ಕ್ಷಣದಲ್ಲಿಯೇ ಬಾತುಗಳು ಹಾರುತ್ತವೆ ಎಂಬುದು ಕೆರೆಯ ಏರಿಯ ಮೇಲೆ ನಿಂತವರೆಲ್ಲರ ದೂರು.

ಮಾನೋಪಾಡ್ ಟ್ರೈಪಾಡನ್ನು ಮೀರಿಸುವ ಒಂದು ಕೆಲಸ ಪ್ಯಾನಿಂಗ್. ಓಡುವ ವಸ್ತುವಿನ ಜೊತೆಗೆ ಕ್ಯಾಮೆರಾವನ್ನು ತಿರುಗಿಸುತ್ತಾ ನಿಧಾನದ ಶಟರಿನಲ್ಲಿ ಚಿತ್ರ ತೆಗೆದರೆ ವಸ್ತು ಸ್ಪಷ್ಟವಾಗಿಯೂ ಹಿನ್ನೆಲೆ ಅಡ್ಡಗೆರೆಗಳಾಗಿಯೂ ಬರುತ್ತದೆ. ಇದಕ್ಕೆ ಬೇಕಾದದ್ದು ಮೇಲೆ ಕೆಳಗೆ ಅಲುಗದೆ ಎಡಬಲಕ್ಕೆ ಸರಾಗವಾಗಿ ತಿರುಗುವುದು, ಮಾನೋಪಾಡಿನ ಸ್ವಭಾವವೇ ಅದು. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಸುತ್ತಿನ ದಿನಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡು ಜನರ ನಡುವೆ ನುಗ್ಗುವ ಹೋರಿಯನ್ನು 1/1000ದಲ್ಲಿ ಹಿಡಿದರೆ ಅದು ಕಟ್ಟಿಹಾಕಿದ ಹೋರಿಯಂತೆ ಕಾಣುತ್ತದೆ. 1/60ರಲ್ಲಿ ಜೊತೆಗೇ ತಿರುಗಿದರೆ ಓಟ ಚಿತ್ರದೊಳಕ್ಕೆ ಬರುತ್ತದೆ. ಹೋರಿ ಎದುರಿಗೆ ಬರುವ ಮೊದಲೇ ತಿರುಗತೊಡಗಬೇಕು, ಶಟರ್ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು, ಸೊಂಟದಿಂದ ಮೇಲಿನ ಭಾಗ ತಿರುಗಬೇಕೇ ಹೊರತು ಪಾದಗಳಲ್ಲ. ಅಲುಗಾಟ ತಡೆಯುವ ವ್ಯವಸ್ಥೆಗೆ ಪ್ಯಾನಿಂಗ್‌ಗೆಂದೇ ಬೇರೆ ವಿಧವಿದ್ದರೆ ಅದನ್ನು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ನಾವು ತಿರುಗಿಸುವುದನ್ನೇ ಅದು ಅಲುಗಾಟವೆಂದು ತಿಳಿದು ಸರಿಪಡಿಸಲು ಹೊರಡುತ್ತದೆ. ಈ ಚಿತ್ರವನ್ನು ತೆಗೆಯಬೇಕಾದದ್ದು ಮಾಳಿಗೆಯ ಮೇಲಿಂದಲೋ ಟ್ರ್ಯಾಕ್ಟರ್ ಟ್ರೇಲರಿನ ಮೇಲಿಂದಲೋ. ಹೋರಿಯ ದಾರಿಯಲ್ಲಿ ಕೋಲು ಊರಿ ನಿಲ್ಲುವುದು ಚಿತ್ರಕ್ಕಾಗಲಿ ಪ್ರಾಣಕ್ಕಾಗಲಿ ಹಿತವಲ್ಲ.

ಗುಡಿಗಳ ಒಳಗಿನ ಕತ್ತಲೆ ಬೇರೊಂದು ಬಗೆಯ ಸವಾಲು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಾಗಲಿ ಗದಗಿನ ತ್ರಿಕೂಟೇಶ್ವರದಲ್ಲಾಗಲಿ, ಬಾಗಿಲಿನಿಂದ ಬರುವ ಬೆಳಕು ಕಂಬಗಳ ನುಣುಪಿನ ಮೇಲೆ ಜಾರಿ ಒಳಗೆ ಹೋದಂತೆ ಕಡಿಮೆಯಾಗುತ್ತದೆ, ಶಟರ್ 1/15ಕ್ಕೋ 1/8ಕ್ಕೋ ಇಳಿಯುತ್ತದೆ. 24 ಮಿ.ಮೀ. ಅಗಲ ಲೆನ್ಸಿಗೆ ಮಾನೋಪಾಡ್ ಈ ವೇಗವನ್ನು ತಾಳಿಕೊಳ್ಳುತ್ತದೆ. ಲೆನ್ಸ್ ಅಗಲವಾದಷ್ಟೂ ಒಂದು ಪಿಕ್ಸೆಲ್ ಹಿಡಿಯುವ ಕೋನ ದೊಡ್ಡದಾಗಿ, ಅಷ್ಟೇ ಅಲುಗಾಟ ಕಡಿಮೆ ಪಿಕ್ಸೆಲುಗಳ ಮೇಲೆ ಹರಡುತ್ತದೆ. ಕಲ್ಲಿನ ಜಗತಿಯ ಮೇಲೆ ಅಥವಾ ಕಟ್ಟೆಯ ಅಂಚಿನಲ್ಲಿ ಕುಳಿತು ಕೋಲನ್ನು ಗಿಡ್ಡ ಮಾಡಿ ತೊಡೆಗಳ ನಡುವೆ ಊರಿಕೊಂಡರೆ ತೂಗಾಟ ಬಹುಪಾಲು ಇಲ್ಲವಾಗುತ್ತದೆ, ಏಕೆಂದರೆ ಹೆಚ್ಚಾಗಿ ತೂಗುವುದು ನಿಂತ ದೇಹ. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಗಡ ಅನುಮತಿ ಬೇಕು. ಮಾನೋಪಾಡನ್ನು ಚೀಲದಿಂದ ತೆಗೆಯುವ ಮುನ್ನ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಒಂದು ಮಾತು ಕೇಳುವುದು ಒಳ್ಳೆಯದು. ಕೆತ್ತನೆಯಿರುವ ಕಂಬಕ್ಕೆ ಕೋಲನ್ನು ಒತ್ತಿ ಹಿಡಿದರೆ ಚಿತ್ರ ಇನ್ನೂ ಗಟ್ಟಿಯಾಗುತ್ತದೆ ಎಂಬುದು ನಿಜ, ಆದರೆ ಬಳಪದ ಕಲ್ಲು ಎಷ್ಟು ಮೃದುವೆಂದು ತಿಳಿದವರು ಹಾಗೆ ಮಾಡುವುದಿಲ್ಲ.

ಕುಂದಗೋಳದ ಅಹೋರಾತ್ರಿ ಸಂಗೀತದಂಥ ಕಡೆಗಳಲ್ಲಿ ಜಮಖಾನದ ಮೇಲೆ ಕುಳಿತೇ ಚಿತ್ರ ತೆಗೆಯಬೇಕಾಗುತ್ತದೆ. ಅಲ್ಲಿ ಟ್ರೈಪಾಡಿನ ಮೂರು ಕಾಲುಗಳಿಗೆ ಜಾಗ ಕೊಡುವವರಿಲ್ಲ, ಫ್ಲಾಶ್ ಹಾರಿಸಿದರೆ ಪಕ್ಕದವರು ಸುಮ್ಮನಿರುವುದಿಲ್ಲ. ಗಾಯಕರು ಸ್ವರಕ್ಕೆ ನಿಂತಾಗ 1/125 ಸಾಕು.

ನೆಲದ ವಿಚಾರ ಪುಸ್ತಕದಲ್ಲಿ ಅಷ್ಟಾಗಿ ಸಿಗುವುದಿಲ್ಲ, ನಮ್ಮ ಕಡೆಗಂತೂ ಅದು ಮುಖ್ಯ. ಮಸಾರಿ ನೆಲ ಕೋಲಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ತುದಿಯನ್ನು ನುಂಗುತ್ತದೆ, ಮಳೆ ಬಿದ್ದ ಮೇಲೆ ಹಿಡಿದದ್ದನ್ನು ಬಿಡುವುದಿಲ್ಲ. ಒಂದು ಮುಂಗಾರಿನಲ್ಲಿ ನಾನು ಹೊಲದ ಬದುವಿನಲ್ಲಿ ಊರಿದ್ದ ಕೋಲನ್ನು ಜಗ್ಗಿ ಎಳೆದಾಗ ಕೋಲು ಬಂತು, ಅದರ ರಬ್ಬರ್ ಪಾದ ಬರಲಿಲ್ಲ. ಬೆರಳು ಹಾಕಿ ಎಷ್ಟು ಕೆದಕಿದರೂ ಸಿಗಲಿಲ್ಲ. ಅಂದಿನಿಂದ ಎರೆಯಲ್ಲಿ ಒಂದು ಅಗಲವಾದ ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟು ಅದರ ಮೇಲೆ ಊರುತ್ತೇನೆ. ಒಣಗಿದ ಎರೆಯ ದೂಳು ತಿರುಗಿಸಿ ಬಿಗಿಯುವ ಕೀಲುಗಳೊಳಗೆ ಸೇರಿ ಹಿಡಿತವನ್ನು ಸಡಿಲಗೊಳಿಸುತ್ತದೆ, ಆದ್ದರಿಂದ ಮನೆಗೆ ಬಂದ ಮೇಲೆ ಬಿಚ್ಚಿ ಒರೆಸಬೇಕು. ಹಿಡಿಕೆ ಮಡಚಿ ಬಿಗಿಯುವ ಕೀಲುಗಳಿಗೆ ಈ ಕಾಟ ಕಡಿಮೆ. ಗಾಳಿಯೂ ಅಷ್ಟೇ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮಳೆಗಾಲದ ಆ ಗಾಳಿ ಉದ್ದ ಲೆನ್ಸಿನ ಬಾಯಿಗೆ ನೆರಳಿಗಾಗಿ ತೊಡಿಸುವ ಹುಡ್ಡನ್ನು ಹಾಯಿಪಟದಂತೆ ತಳ್ಳುತ್ತದೆ. ಆಗ ಹುಡ್ಡನ್ನು ತೆಗೆದು, ಒಂದು ಮಂಡಿಯೂರಿ ಕುಳಿತು, ಮೇಲೆತ್ತಿದ ಮಂಡಿಯ ಮೇಲೆ ಎಡ ಮೊಣಕೈ ಊರಿ, ಕೋಲನ್ನು ಅರ್ಧಕ್ಕೆ ಇಳಿಸುವುದೊಂದೇ ದಾರಿ. ಇಳಿಸುವಾಗ ಮಡಚಬೇಕಾದದ್ದು ಕೆಳಗಿನ ತೆಳ್ಳನೆಯ ಭಾಗಗಳನ್ನು, ಮೇಲಿನ ದಪ್ಪ ಭಾಗ ಹೊರಗಿರಲಿ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ವಾಹನದೊಳಗಿಂದ ಚಿತ್ರ ತೆಗೆಯುವವರಿಗೆ ಕೋಲಿಗಿಂತ ಕಿಟಕಿಯ ಅಂಚಿಗೆ ಹಾಕುವ ಕಾಳಿನ ಚೀಲವೇ ಮೇಲು. ಎಂಜಿನ್ ಚಾಲೂ ಇದ್ದರೆ ವಾಹನದ ನೆಲದ ಕಂಪನವನ್ನು ಕೋಲು ನೇರವಾಗಿ ಕ್ಯಾಮೆರಾಕ್ಕೆ ಮುಟ್ಟಿಸುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಪೂರ್ತಿ ಉದ್ದ ಚಾಚಿದಾಗ ಕೋಲು ಬಾಗುತ್ತದೆಯೇ ಎಂಬುದನ್ನು. ಕೆಳಗೆ ಮೂರು ಪುಟ್ಟ ಕಾಲುಗಳಿರುವ ಕೋಲುಗಳೂ ಸಿಗುತ್ತವೆ, ವಿಡಿಯೊ ಮಾಡುವವರಿಗೆ ಅವು ಅನುಕೂಲ. ಆದರೆ ಆ ಪುಟ್ಟ ಕಾಲುಗಳನ್ನು ನಂಬಿ ಕ್ಯಾಮೆರಾದ ಸಮೇತ ಕೈಬಿಟ್ಟವರು ಪಶ್ಚಾತ್ತಾಪ ಪಟ್ಟಿದ್ದಾರೆ.

ತನ್ನ ಕೈಗೆ ಎಷ್ಟು ಸ್ಟಾಪ್ ಉಳಿತಾಯವಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ಮನೆಯಲ್ಲಿಯೇ ಅಳೆದುಕೊಳ್ಳಬಹುದು. ಹತ್ತು ಮೀಟರ್ ದೂರದ ಗೋಡೆಗೆ ಸಣ್ಣ ಅಕ್ಷರಗಳ ತೂಗುಪಂಚಾಂಗವೊಂದನ್ನು ನೇತುಹಾಕಿ, ಒಂದೊಂದು ಶಟರ್ ವೇಗದಲ್ಲಿ ಹತ್ತು ಹತ್ತು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ತಿಥಿ ನಕ್ಷತ್ರ ಓದಲು ಬರುವ ಚಿತ್ರಗಳೆಷ್ಟು ಎಂದು ಎಣಿಸಬೇಕು. ಹತ್ತರಲ್ಲಿ ಎಂಟು ಓದಲು ಬಂದ ಅತಿ ನಿಧಾನದ ವೇಗವೇ ಆ ಕೈಯ ಮಿತಿ. ಧಾರವಾಡದ ನನ್ನ ಮನೆಯ ಅಂಗಳದಲ್ಲಿ, ಬೆಳಗಿನ ಹೊತ್ತು, 400 ಮಿ.ಮೀ. ಲೆನ್ಸಿಗೆ ನನ್ನ ಮಿತಿ 1/100 ಸೆಕೆಂಡ್. ಕಪ್ಪತಗುಡ್ಡ ಹತ್ತಿ ಏದುಸಿರಿನಲ್ಲಿ ಅದೇ ಲೆನ್ಸನ್ನು ಅದೇ ಕೋಲಿನ ಮೇಲಿಟ್ಟ ದಿನ ಅದು 1/320ಕ್ಕೆ ಏರಿತ್ತು.